ಕಲಿಸದೆ ಗಾಡಿ ಹತ್ತಿಸಬೇಡಿ
(ಉಗ್ರಾಣ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮೂಟೆ ಹೊತ್ತು ಬೆನ್ನು ಸವೆಸಿದ ಹಮಾಲರಿಗೆ ಫೋರ್ಕ್‌ಲಿಫ್ಟ್ ಶತ್ರುವಲ್ಲ. ಬೆನ್ನಿನ ಹೊರೆ ಇಳಿಸುವ ಯಂತ್ರ ಬರಲಿ ಎಂದೇ ನಾವು ಹೇಳುತ್ತೇವೆ. ಆದರೆ ಅದರ ಮೇಲೆ ಕೂರುವವನಿಗೆ ಮೊದಲು ಕಲಿಸಬೇಕು. ‘ಟ್ರಾಕ್ಟರ್ ಬರುತ್ತದೆಯೇ? ಹಾಗಾದರೆ ಇದನ್ನೂ ಹತ್ತು’ ಎನ್ನುವ ಪದ್ಧತಿ ನಿಲ್ಲಬೇಕು.

ಏಕೆಂದರೆ ಈ ಗಾಡಿ ಲಾರಿಯಂತಲ್ಲ. ಇದು ಹಿಂದಿನ ಚಕ್ರಗಳಿಂದ ತಿರುಗುತ್ತದೆ. ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಬೀಸಿ, ಪಕ್ಕದಲ್ಲಿ ನಿಂತವನನ್ನು ಗೋಡೆಗೆ ಒತ್ತಬಲ್ಲದು. ಇನ್ನು ಭಾರದ ಲೆಕ್ಕ. ಏತದ ಮರವನ್ನು ನೆನೆಯಿರಿ. ಇಲ್ಲಿ ಮುಂದಿನ ಚಕ್ರವೇ ಆಧಾರ. ಒಂದು ಕಡೆ ಸರಕು, ಇನ್ನೊಂದು ಕಡೆ ಗಾಡಿಯ ತೂಕ. ಫಲಕದಲ್ಲಿ 2 ಟನ್ ಎಂದಿದ್ದರೆ, ಸರಕಿನ ಭಾರಕೇಂದ್ರ ಫೋರ್ಕಿನ ಬುಡದಿಂದ ಸಾಮಾನ್ಯವಾಗಿ 500 ಮಿಲಿಮೀಟರ್ ಒಳಗಿದ್ದಾಗ ಮಾತ್ರ 2 ಟನ್. ಪೆಟ್ಟಿಗೆ ಉದ್ದವಾದಷ್ಟೂ ಗಾಡಿಯ ಶಕ್ತಿ ಕಡಿಮೆ. ಸರಕನ್ನು ಮೇಲೆತ್ತಿಕೊಂಡು ರಭಸದಿಂದ ತಿರುಗಿದರೆ ಗಾಡಿ ಪಕ್ಕಕ್ಕೆ ಉರುಳೀತು. ಆಗ ಹೊರಕ್ಕೆ ನೆಗೆದವನು ಅದರಡಿಯೇ ಸಿಲುಕುವ ಅಪಾಯವಿದೆ. ಸೊಂಟಪಟ್ಟಿ ಬಿಗಿದು, ಸ್ಟಿಯರಿಂಗ್ ಹಿಡಿದು, ಉರುಳುವ ದಿಕ್ಕಿಗೆ ವಿರುದ್ಧವಾಗಿ ವಾಲಿ ಕೂತಿರಬೇಕು. ಇದು ತಾನಾಗಿ ಯಾರಿಗೂ ಹೊಳೆಯುವುದಿಲ್ಲ; ಹೇಳಿಕೊಡಬೇಕು.

ಅಮೆರಿಕದಲ್ಲಿ 1999ರಲ್ಲಿ ಜಾರಿಗೆ ಬಂದ ನಿಯಮದಲ್ಲಿ ತರಬೇತಿಗೆ ಮೂರು ಮೆಟ್ಟಿಲು: ಪಾಠ, ಗಾಡಿಯ ಮೇಲೆ ಅಭ್ಯಾಸ, ಕೊನೆಗೆ ಕೆಲಸದ ಸ್ಥಳದಲ್ಲೇ ಪರೀಕ್ಷೆ. ಕನಿಷ್ಠ 3 ವರ್ಷಕ್ಕೊಮ್ಮೆ ಮರುಪರೀಕ್ಷೆ. ಅಪಘಾತವಾದರೆ, ಅಪಘಾತ ಕೂದಲೆಳೆಯಲ್ಲಿ ತಪ್ಪಿದರೆ, ಬೇರೆ ಬಗೆಯ ಗಾಡಿ ಕೊಟ್ಟರೆ ಮತ್ತೆ ಪಾಠ. ಯಾರು ಕಲಿಸಿದರು, ಎಂದು ಕಲಿಸಿದರು ಎಂಬುದಕ್ಕೆ ಮಾಲೀಕನೇ ದಾಖಲೆ ಇಡಬೇಕು.

ನಮ್ಮಲ್ಲೇನು? 1984ರ ಭೋಪಾಲ ದುರಂತದ ಬಳಿಕ, 1987ರಲ್ಲಿ, 1948ರ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ಸುರಕ್ಷತೆಗೆ ಬೇಕಾದ ಮಾಹಿತಿ, ಶಿಕ್ಷಣ, ತರಬೇತಿ, ಮೇಲ್ವಿಚಾರಣೆ ಕೊಡುವುದು ಕಾರ್ಖಾನೆ ನಡೆಸುವವನ ಕರ್ತವ್ಯವೆಂದು ಬರೆಯಲಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಈ ಕರ್ತವ್ಯವನ್ನು ಉಳಿಸಿಕೊಂಡಿದೆ. ಎಂದಮೇಲೆ ತರಬೇತಿ ಮಾಲೀಕನು ಕೊಡುವ ದಾನವಲ್ಲ.

ಆದ್ದರಿಂದ ನಾವು ಕೇಳುವುದಿಷ್ಟು. ಕಲಿಕೆಯ ದಿನಗಳ ಕೂಲಿ ಕಡಿಯಬಾರದು. ಗುತ್ತಿಗೆಯವನಿಗೂ ಕಾಯಂ ನೌಕರನಿಗೂ ಒಂದೇ ಪಾಠ, ಅದೂ ಅವನಿಗೆ ತಿಳಿಯುವ ಭಾಷೆಯಲ್ಲಿ. ಗಾಡಿಯ ಕೀಲಿ ಕಲಿತವನ ಕೈಯಲ್ಲಿ ಮಾತ್ರ.

ನಮ್ಮ ಹೊಣೆಯೂ ಇದೆ. ಫೋರ್ಕಿನ ಮೇಲೆ ಸಂಗಾತಿಯನ್ನು ನಿಲ್ಲಿಸಿ ಎತ್ತುವ ಚಾಳಿ ಬಿಡಬೇಕು. ಕಲಿಯದವನು ‘ನಾನು ಹತ್ತುವುದಿಲ್ಲ’ ಎಂದರೆ ಅವನನ್ನು ಅಂಜುಬುರುಕನೆಂದು ನಗದೆ, ಸಂಘ ಅವನ ಬೆನ್ನಿಗೆ ನಿಲ್ಲಬೇಕು. ಅಪಘಾತವಾದಾಗ ‘ಚಾಲಕನ ಅಜಾಗರೂಕತೆ’ ಎಂದು ಬರೆದುಬಿಡುವುದು ಸುಲಭ. ಹಾಗೆ ಬರೆಯುವ ಮುನ್ನ ಅವನಿಗೆ ಯಾರು, ಯಾವ ದಿನ ಕಲಿಸಿದರು ಎಂಬುದನ್ನು ತೋರಿಸಿರೆಂದು ನಾವೆಲ್ಲ ಒಟ್ಟಾಗಿ ಕೇಳೋಣ.