ಮದ್ಯ, ಕರುಳಿನ ಕ್ಯಾನ್ಸರ್ ಮತ್ತು ನಮ್ಮ ಮೌನ

(ಆರೋಗ್ಯ ಜಾಗೃತಿ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮುಸ್ಲಿಮರ ಸಭೆಯಲ್ಲಿ ಮದ್ಯಪಾನದ ಕುರಿತು ಮಾತಾಡುವ ಅಗತ್ಯವಾದರೂ ಏನು ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಮೂಡಿರಬಹುದು. ಮದ್ಯವು ಹರಾಮ್ ಎಂಬುದು ಮದ್ರಸಾದ ಪುಟ್ಟ ಮಕ್ಕಳಿಗೂ ತಿಳಿದಿರುವ ವಿಷಯ. ಆದರೆ ನಿಷಿದ್ಧವೆಂದು ತಿಳಿದಿರುವುದಕ್ಕೂ ಅದರಿಂದ ದೂರವಿರುವುದಕ್ಕೂ ಅಂತರವಿದೆ. ಸಂಜೆಯಾಗುತ್ತಲೇ ಮದ್ಯದಂಗಡಿಯ ಮುಂದೆ ಸೇರುವವರಲ್ಲಿ ನಮ್ಮ ಮೊಹಲ್ಲಾದವರು ಒಬ್ಬರೂ ಇಲ್ಲ ಎಂದು ಎದೆ ತಟ್ಟಿ ಹೇಳುವ ಸ್ಥಿತಿಯಲ್ಲಿ ನಾವಿದ್ದೇವೆಯೇ? ಇಲ್ಲ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯ ಮರ್ಯಾದೆಯ ಹೆಸರಿನಲ್ಲಿ ತಾಯಿ ಮಗನ ಚಟವನ್ನು ಮುಚ್ಚಿಡುತ್ತಾಳೆ, ಪತ್ನಿ ಪತಿಯ ಚಟವನ್ನು ಮುಚ್ಚಿಡುತ್ತಾಳೆ. ಹೀಗೆ ಮುಚ್ಚಿಟ್ಟದ್ದು ಹಲವು ವರ್ಷಗಳ ನಂತರ ಆಸ್ಪತ್ರೆಯ ಹಾಸಿಗೆಯ ಮೇಲೆ ಪ್ರಕಟವಾಗುತ್ತದೆ. ಇಂದು ನಾವು ಚರ್ಚಿಸಬೇಕಾದುದು ಈ ಮೌನವನ್ನು.

ಮದ್ಯವೆಂದೊಡನೆ ಯಕೃತ್ತು ಹಾಳಾಗುತ್ತದೆ ಎಂಬುದಷ್ಟೇ ಜನರಿಗೆ ನೆನಪಾಗುತ್ತದೆ. ಅದು ಕ್ಯಾನ್ಸರ್‌ಕಾರಕ ಎಂಬುದು ಅನೇಕರಿಗೆ ತಿಳಿಯದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಮದ್ಯವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಇದೇ ಗುಂಪಿನಲ್ಲಿ. 2007ರಲ್ಲಿ ಅದೇ ಸಂಸ್ಥೆಯ ತಜ್ಞರು ಸಾಕ್ಷ್ಯಗಳನ್ನು ಮರುಪರಿಶೀಲಿಸಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರನ್ನೂ, ಸ್ತ್ರೀಯರ ಸ್ತನ ಕ್ಯಾನ್ಸರನ್ನೂ ಮದ್ಯದ ಲೆಕ್ಕಕ್ಕೆ ಸೇರಿಸಿದರು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ಕರುಳು ಮತ್ತು ಸ್ತನ ಹೀಗೆ ಏಳು ಬಗೆಯ ಕ್ಯಾನ್ಸರ್‌ಗಳೊಂದಿಗೆ ಮದ್ಯಕ್ಕೆ ನಂಟಿದೆ. 2020ನೇ ವರ್ಷವೊಂದರಲ್ಲೇ ಜಗತ್ತಿನಾದ್ಯಂತ ಸುಮಾರು 7 ಲಕ್ಷ 40 ಸಾವಿರ ಹೊಸ ಕ್ಯಾನ್ಸರ್ ಪ್ರಕರಣಗಳಿಗೆ ಮದ್ಯ ಕಾರಣವಾಯಿತೆಂದು ಸಂಶೋಧಕರು ಅಂದಾಜಿಸಿದ್ದಾರೆ. ಅವುಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದೊಡ್ಡ ಕರುಳು ಮತ್ತು ಗುದನಾಳಕ್ಕೆ ಸಂಬಂಧಿಸಿದವು.

ಕುಡಿದದ್ದು ಹೊಟ್ಟೆಗೆ, ಕರುಳಿನ ಕೊನೆಯಲ್ಲಿ ಕ್ಯಾನ್ಸರ್ ಹೇಗೆ ಎಂದು ಕೇಳಬಹುದು. ಮದ್ಯದಲ್ಲಿರುವ ಆಲ್ಕೋಹಾಲ್ ರಕ್ತದ ಮೂಲಕ ದೇಹದ ಎಲ್ಲ ಭಾಗಗಳಿಗೂ ತಲುಪುತ್ತದೆ. ದೇಹವು ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವನ್ನಾಗಿ ಪರಿವರ್ತಿಸುತ್ತದೆ, ಅನಂತರ ಅದನ್ನು ನಿರಪಾಯಕಾರಿಯಾಗಿಸಲು ಯತ್ನಿಸುತ್ತದೆ. ದೊಡ್ಡ ಕರುಳಿನಲ್ಲಿ ನೆಲೆಸಿರುವ ಅಸಂಖ್ಯಾತ ಬ್ಯಾಕ್ಟೀರಿಯಗಳೂ ಆಲ್ಕೋಹಾಲನ್ನು ಇದೇ ವಿಷವನ್ನಾಗಿ ಮಾರ್ಪಡಿಸುತ್ತವೆ. ಆದರೆ ಆ ವಿಷವನ್ನು ತೊಡೆದುಹಾಕುವ ಶಕ್ತಿ ಕರುಳಿನ ಒಳಪದರಕ್ಕೆ ಅಷ್ಟಾಗಿ ಇಲ್ಲ. ಹೀಗೆ ಅಲ್ಲಿ ಉಳಿದ ವಿಷವು ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತದೆ. ಆ ಹಾನಿಯನ್ನು ಸರಿಪಡಿಸಲು ಬೇಕಾದ ಫೋಲೇಟ್ ಎಂಬ ಜೀವಸತ್ವವನ್ನೂ ಮದ್ಯವು ದೇಹಕ್ಕೆ ಸರಿಯಾಗಿ ದಕ್ಕಗೊಡುವುದಿಲ್ಲ. ಕಾಲಕ್ರಮದಲ್ಲಿ ಕರುಳಿನ ಒಳಗೋಡೆಯ ಮೇಲೆ ಪಾಲಿಪ್ ಎನ್ನಲಾಗುವ ಸಣ್ಣ ಗಂಟು ಮೂಡುತ್ತದೆ. ಎಲ್ಲ ಗಂಟುಗಳೂ ಕ್ಯಾನ್ಸರ್ ಆಗುವುದಿಲ್ಲ. ಆಗುವಂಥವು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ತೆಗೆದುಕೊಳ್ಳುತ್ತವೆ. ಕುಡಿಯುವವನಿಗೆ ಆ ಹತ್ತು ವರ್ಷವೂ ಏನೂ ಅನಿಸುವುದಿಲ್ಲ ಎಂಬುದೇ ಇದರ ಅಪಾಯ.

ಎಷ್ಟು ಕುಡಿದರೆ ಅಪಾಯ? ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯು 2018ರ ತನ್ನ ವರದಿಯಲ್ಲಿ, ದಿನವೊಂದಕ್ಕೆ 30 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಆಲ್ಕೋಹಾಲ್ ಸೇವಿಸುವವರಲ್ಲಿ ಕರುಳಿನ ಕ್ಯಾನ್ಸರ್ ಹೆಚ್ಚುವುದಕ್ಕೆ ಪ್ರಬಲ ಸಾಕ್ಷ್ಯವಿದೆಯೆಂದು ಹೇಳಿತು. ದಿನದ ಪ್ರಮಾಣ 10 ಗ್ರಾಂ ಏರಿದಂತೆ ಅಪಾಯವು ಸುಮಾರು 7 ಶೇಕಡಾ ಏರುತ್ತದೆ. ಅಂದರೆ ಕುಡಿಯುವ ನೂರರಲ್ಲಿ ಏಳು ಮಂದಿಗೆ ಕ್ಯಾನ್ಸರ್ ಬರುತ್ತದೆಂದಲ್ಲ. ಇದ್ದ ಅಪಾಯಕ್ಕೆ ಅಷ್ಟು ಪಾಲು ಸೇರುತ್ತದೆಂದು ಅರ್ಥ. ಇದನ್ನು ನಮ್ಮ ಬೀದಿಯ ಲೆಕ್ಕದಲ್ಲಿ ನೋಡೋಣ. ನಮ್ಮ ರಾಜ್ಯದ ಮದ್ಯದಂಗಡಿಗಳಲ್ಲಿ ಮಾರುವ 90 ಮಿಲಿ ಲೀಟರ್‌ನ ಒಂದು ವಿಸ್ಕಿ ಪ್ಯಾಕೆಟ್‌ನಲ್ಲಿ ಹೆಚ್ಚುಕಡಿಮೆ 30 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದರ ದುಪ್ಪಟ್ಟು ಇರುವ ‘ಕ್ವಾರ್ಟರ್’ನಲ್ಲಿ 60 ಗ್ರಾಂ. ದಿನದ ಕೂಲಿಯಲ್ಲಿ ಒಂದು ಪ್ಯಾಕೆಟ್ ಕೊಳ್ಳುವ ಬಡ ಕಾರ್ಮಿಕನೂ, ಬಿಯರ್ ಮದ್ಯವೇ ಅಲ್ಲವೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುವ ವಿದ್ಯಾವಂತ ಯುವಕನೂ ಈ ಲೆಕ್ಕದಿಂದ ಹೊರಗಿಲ್ಲ. ಕರುಳು ಬಾಟಲಿಯ ಮೇಲಿನ ಹೆಸರನ್ನು ಓದುವುದಿಲ್ಲ.

ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಕಾಯಿಲೆಯ ಕಾರಣ ಕುಡಿತ ಬಿಟ್ಟವರನ್ನೂ ‘ಕುಡಿಯದವರ’ ಸಾಲಿಗೆ ಸೇರಿಸಿದ್ದರಿಂದ ಹಲವು ಅಧ್ಯಯನಗಳಲ್ಲಿ ಅಲ್ಪ ಕುಡಿಯುವವರು ಹೆಚ್ಚು ಆರೋಗ್ಯವಂತರಾಗಿ ಕಂಡರು ಎಂಬುದು ಈಗ ಸ್ಪಷ್ಟವಾಗಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸಾರಿತು. ಹೆಚ್ಚು ಸೇವಿಸಿದರೆ ಅಮಲೇರಿಸುವ ವಸ್ತುವಿನ ಅಲ್ಪ ಪ್ರಮಾಣವೂ ನಿಷಿದ್ಧ ಎಂಬ ಪ್ರವಾದಿ(ಸ)ರ ನಿಯಮವನ್ನು ಬಲ್ಲವರಿಗೆ ಇದು ಹೊಸ ಮಾತೇನೂ ಅಲ್ಲ. ಹಾಗೆಂದು ವಿಜ್ಞಾನದ ಪ್ರಮಾಣಪತ್ರ ದೊರೆತ ಮೇಲೆ ನಮ್ಮ ವಿಶ್ವಾಸ ನೆಲೆಗೊಂಡದ್ದಲ್ಲ. ಅಲ್ಲಾಹನ ಆಜ್ಞೆ ಎಂಬ ಒಂದೇ ಕಾರಣಕ್ಕೆ ಮದೀನಾದ ಜನರು ತಮ್ಮ ಮನೆಯ ಮದ್ಯವನ್ನು ಬೀದಿಗೆ ಸುರಿದರು. ಆದರೆ ಒಂದು ಆಜ್ಞೆಯ ಹಿಂದಿರುವ ಹಿತವನ್ನು ಅರಿತು ಜನರಿಗೆ ತಿಳಿಸುವುದೂ ನಮ್ಮ ಹೊಣೆಯೇ.

ಇನ್ನು ಸರಕಾರದ ಹೊಣೆ. ಸಂವಿಧಾನದ 47ನೇ ವಿಧಿಯು ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯಗಳ ನಿಷೇಧಕ್ಕೆ ಸರಕಾರವು ಯತ್ನಿಸಬೇಕೆನ್ನುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆದರೆ ಮದ್ಯದ ಆದಾಯದ ಮೇಲಿನ ಅವಲಂಬನೆ ನಿಂತಿತೇ? 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಗೊತ್ತುಪಡಿಸಿದ ಗುರಿ 40 ಸಾವಿರ ಕೋಟಿ ರೂಪಾಯಿ. ಪಕ್ಷ ಯಾವುದೇ ಇರಲಿ, ಖಜಾನೆಯ ದಾಹ ಒಂದೇ. ಕುಡಿತದಿಂದ ಬರುವ ಹಣದ ಲೆಕ್ಕ ಬಜೆಟ್‌ನಲ್ಲಿದೆ. ಕ್ಯಾನ್ಸರ್ ಚಿಕಿತ್ಸೆಗಾಗಿ ಮನೆ ಅಡವಿಟ್ಟವರ ಲೆಕ್ಕ ಎಲ್ಲಿದೆ?

ಕನಿಷ್ಠ ಪಕ್ಷ ಸತ್ಯವನ್ನಾದರೂ ಹೇಳಬಹುದಲ್ಲವೇ? 2016ರಿಂದ ಸಿಗರೇಟ್ ಪೊಟ್ಟಣದ 85 ಶೇಕಡಾ ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಬೇಕೆಂಬ ನಿಯಮವಿದೆ. ಮದ್ಯದ ಬಾಟಲಿಗಳಿಗೆ 2019ರಲ್ಲಿ ಜಾರಿಗೆ ಬಂದ ಎಚ್ಚರಿಕೆಯು ಅದು ಆರೋಗ್ಯಕ್ಕೆ ಹಾನಿಕರವೆಂದೂ ಕುಡಿದು ವಾಹನ ಓಡಿಸಬಾರದೆಂದೂ ಹೇಳುತ್ತದೆಯೇ ವಿನಾ ಕ್ಯಾನ್ಸರ್ ಎಂಬ ಪದವನ್ನು ಎತ್ತುವುದಿಲ್ಲ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2025ರ ಜನವರಿಯಲ್ಲಿ, ಬಾಟಲಿಗಳ ಮೇಲೆ ಕ್ಯಾನ್ಸರ್ ಎಚ್ಚರಿಕೆ ಇರಬೇಕೆಂದು ಸಲಹೆ ನೀಡಿದರು. ಅಲ್ಲಿಯೂ ಅರ್ಧಕ್ಕಿಂತ ಕಡಿಮೆ ಜನರಿಗೆ ಮಾತ್ರ ಈ ನಂಟು ತಿಳಿದಿದೆಯೆಂಬುದನ್ನು ಅವರ ವರದಿ ಎತ್ತಿ ತೋರಿಸಿತು. ಐರ್ಲೆಂಡ್ ಇಂತಹ ಎಚ್ಚರಿಕೆಗಾಗಿ 2018ರಲ್ಲಿ ಕಾನೂನು ಮಾಡಿ, 2026ರಿಂದ ಜಾರಿಯೆಂದು ನಿಗದಿಪಡಿಸಿ, 2025ರಲ್ಲಿ ಅದನ್ನು 2028ಕ್ಕೆ ಮುಂದೂಡಿತು. ಮದ್ಯೋದ್ಯಮದ ಪ್ರಭಾವ ಎಲ್ಲ ದೇಶಗಳಲ್ಲೂ ಇದೆ. ಆದ್ದರಿಂದ ಈ ಬೇಡಿಕೆಯನ್ನು ಮುಸ್ಲಿಮರ ಬೇಡಿಕೆಯಾಗಿ ಅಲ್ಲ, ಎಲ್ಲ ಧರ್ಮಗಳ ತಾಯಂದಿರ ಬೇಡಿಕೆಯಾಗಿ ನಾವು ಎತ್ತಬೇಕು.

ಸಹೋದರರೇ, ಸರಕಾರದ ಕಡೆಗೆ ಬೆರಳು ತೋರಿದ ಮೇಲೆ ನಮ್ಮತ್ತ ತಿರುಗೋಣ. ಮಲದಲ್ಲಿ ರಕ್ತ ಕಂಡರೆ ನಮ್ಮ ಊರುಗಳಲ್ಲಿ ಏನಾಗುತ್ತದೆ? ಅದನ್ನು ಮೂಲವ್ಯಾಧಿಯೆಂದು ತಾವೇ ನಿರ್ಧರಿಸಿ, ಗೋಡೆಯ ಮೇಲೆ ಜಾಹೀರಾತು ಬರೆಸಿದ ಯಾವುದೋ ‘ಪೈಲ್ಸ್ ಕ್ಲಿನಿಕ್’ಗೆ ಹೋಗುತ್ತಾರೆ ಅಥವಾ ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಸ್ತ್ರೀಯರ ಪಾಡಂತೂ ಇನ್ನೂ ಕಷ್ಟ. ಹಲವು ಬಾರಿ ಅದು ಮೂಲವ್ಯಾಧಿಯೇ ಆಗಿರಬಹುದು. ಆದರೆ ಅದನ್ನು ಪರೀಕ್ಷಿಸಿ ಹೇಳಬೇಕಾದವರು ವೈದ್ಯರು. ಮಲದಲ್ಲಿ ರಕ್ತ, ಮಲವಿಸರ್ಜನೆಯ ಕ್ರಮದಲ್ಲಿ ವಾರಗಟ್ಟಲೆ ಮುಂದುವರಿಯುವ ಬದಲಾವಣೆ, ವಾಸಿಯಾಗದ ಹೊಟ್ಟೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಮಲಪರೀಕ್ಷೆ ಮತ್ತು ಕೊಲೊನೋಸ್ಕೋಪಿಯಿಂದ ರೋಗ ತಿಳಿಯುತ್ತದೆ. ಕೊಲೊನೋಸ್ಕೋಪಿಯ ವೇಳೆಯಲ್ಲೇ ಪಾಲಿಪನ್ನು ಕತ್ತರಿಸಿ ತೆಗೆದು, ಕ್ಯಾನ್ಸರ್ ಆಗುವ ಮೊದಲೇ ತಡೆಯಲೂ ಸಾಧ್ಯ. ಆರಂಭದಲ್ಲಿ ಪತ್ತೆಯಾದವರಲ್ಲಿ ಬಹುಪಾಲು ಮಂದಿ ಗುಣಮುಖರಾಗುತ್ತಾರೆ. ವೈದ್ಯರು ಕೇಳಿದಾಗ ಕುಡಿತದ ವಿಷಯವನ್ನು ಮರೆಮಾಚಬಾರದು. ಜೊತೆಗೆ ಬಂದ ತಂದೆಯೋ ಮಾವನೋ ಎದುರಿಗಿದ್ದಾರೆಂದು ರೋಗಿ ಸುಳ್ಳು ಹೇಳಿದರೆ ನಷ್ಟ ಅವನದೇ. ಹಿರಿಯರು ಆ ಗಳಿಗೆಯಲ್ಲಿ ಹೊರಗೆ ಹೋಗಿ ಕುಳಿತರೆ ಅದೂ ಒಂದು ಉಪಕಾರ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕರುಳಿನ ಕ್ಯಾನ್ಸರ್ ಬಂದವರೆಲ್ಲ ಕುಡಿದವರಲ್ಲ. ವಯಸ್ಸು, ವಂಶ, ಧೂಮಪಾನ, ಬೊಜ್ಜು, ದೇಹಶ್ರಮವಿಲ್ಲದ ಜೀವನ ಇವೆಲ್ಲವೂ ಕಾರಣವಾಗಬಹುದು. ಸಂಸ್ಕರಿಸಿದ ಮಾಂಸವು ಕ್ಯಾನ್ಸರ್‌ಕಾರಕವೆಂದೂ, ಕೆಂಪು ಮಾಂಸವು ಬಹುಶಃ ಹಾಗಿರಬಹುದೆಂದೂ 2015ರಲ್ಲಿ ಅದೇ ಅಂತಾರಾಷ್ಟ್ರೀಯ ಸಂಸ್ಥೆ ವರ್ಗೀಕರಿಸಿದೆ. ಮದ್ಯವನ್ನು ಮುಟ್ಟದ ನಾವು ಮದುವೆಯ ಔತಣಗಳಲ್ಲಿ, ದಿನನಿತ್ಯದ ಊಟದಲ್ಲಿ ಸೊಪ್ಪು, ತರಕಾರಿ, ಬೇಳೆಗಳಿಗೆ ಎಷ್ಟು ಜಾಗ ಕೊಟ್ಟಿದ್ದೇವೆಂದು ಯೋಚಿಸಬೇಕು. ಕ್ಯಾನ್ಸರ್ ಬಂದ ಸಹೋದರನನ್ನು ಕಂಡು, ಗುಟ್ಟಾಗಿ ಕುಡಿಯುತ್ತಿದ್ದನೇನೋ ಎಂದು ಪಿಸುಗುಟ್ಟುವುದು ರೋಗಕ್ಕಿಂತ ಹೀನವಾದ ಕೆಲಸ.

ಕುಡಿತಕ್ಕೆ ಸಿಕ್ಕಿಕೊಂಡವರನ್ನು ಏನು ಮಾಡಬೇಕು? ಜಮಾಅತ್‌ನಿಂದ ದೂರವಿಡುವುದು, ಮದುವೆ ಮಾತುಕತೆಗಳಲ್ಲಿ ಹಂಗಿಸುವುದು, ಅವರ ಮಕ್ಕಳ ಮುಂದೆ ಹೀಯಾಳಿಸುವುದು ಸುಲಭ. ಕುಡಿತಕ್ಕಾಗಿ ಪದೇ ಪದೇ ಶಿಕ್ಷೆಗೊಳಗಾದ ಒಬ್ಬರನ್ನು ಜನರು ಶಪಿಸಿದಾಗ ಪ್ರವಾದಿ(ಸ)ರು ಅದನ್ನು ತಡೆದರು ಎಂಬುದು ಸಹೀಹ್ ಬುಖಾರಿಯಲ್ಲಿದೆ. ತಪ್ಪನ್ನು ತಪ್ಪೆಂದೇ ಹೇಳಿದರು. ಆದರೆ ತಪ್ಪು ಮಾಡಿದವನನ್ನು ಸಮುದಾಯದಿಂದ ಕಳೆದುಕೊಳ್ಳಲು ಒಪ್ಪಲಿಲ್ಲ. ನಿಷೇಧವೂ ಒಂದೇ ದಿನದಲ್ಲಿ ಇಳಿಯಲಿಲ್ಲ; ಮನಸ್ಸುಗಳನ್ನು ಸಿದ್ಧಗೊಳಿಸುತ್ತಾ ಹಂತ ಹಂತವಾಗಿ ಬಂತು.

ದಿನವೂ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಅಪಸ್ಮಾರ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಅಂಥವರನ್ನು ಕೋಣೆಯಲ್ಲಿ ಕೂಡಿಹಾಕುವುದು ಪರಿಹಾರವಲ್ಲ. ವೈದ್ಯರ ಉಸ್ತುವಾರಿ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ಕುಡಿತ ಬಿಟ್ಟರೆ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರ್‌ನ ಅಪಾಯ ಇಳಿಯುತ್ತದೆಂಬುದಕ್ಕೆ ಸಾಕಷ್ಟು ಸಾಕ್ಷ್ಯವಿದೆ. ಕರುಳಿನ ವಿಷಯದಲ್ಲಿ ಸಾಕ್ಷ್ಯ ಇನ್ನೂ ಸೀಮಿತವಾಗಿದ್ದರೂ ಅದೂ ಅದೇ ದಿಕ್ಕನ್ನು ತೋರಿಸುತ್ತಿದೆ. ತಡವಾಯಿತೆಂದು ಯಾರೂ ನಿರಾಶರಾಗಬೇಕಾಗಿಲ್ಲ.

ಕೊನೆಯದಾಗಿ ಒಂದು ವಿನಂತಿ. ಪ್ರತಿಯೊಂದು ಮೊಹಲ್ಲಾದಲ್ಲಿ ಗುಟ್ಟನ್ನು ಕಾಯಬಲ್ಲ, ಕುಟುಂಬಗಳು ನಂಬಿ ಹೇಳಿಕೊಳ್ಳಬಲ್ಲ ಇಬ್ಬರು ಪುರುಷರೂ ಇಬ್ಬರು ಮಹಿಳೆಯರೂ ಇರಲಿ. ವರ್ಷಕ್ಕೊಂದು ಬಾರಿಯಾದರೂ ಜುಮಾ ಖುತ್ಬಾದಲ್ಲಿ ಈ ವಿಷಯ ಬರಲಿ. ಮಸೀದಿಯ ಆವರಣದಲ್ಲಿ ನಡೆಯುವ ವೈದ್ಯಕೀಯ ಶಿಬಿರದಲ್ಲಿ ಸಕ್ಕರೆ, ರಕ್ತದೊತ್ತಡದ ಜೊತೆಗೆ ಮಲದಲ್ಲಿ ರಕ್ತದ ಬಗ್ಗೆಯೂ ಸಂಕೋಚವಿಲ್ಲದೆ ಕೇಳುವ ವೈದ್ಯರಿರಲಿ. ಹರಾಮ್ ಎಂದು ಸಾರಿದಲ್ಲಿಗೆ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಅಲ್ಲಿಂದಲೇ ಅದು ಆರಂಭವಾಗುತ್ತದೆ. ಬಿದ್ದವರನ್ನು ಎತ್ತುವ ಮನಸ್ಸನ್ನೂ, ರೋಗಿಗಳಿಗೆ ಶಮನವನ್ನೂ ಅಲ್ಲಾಹನು ಕರುಣಿಸಲಿ.