ಬೆನ್ನರ್ಲಿ ಸೇತುವೆ: ನೆಲವನ್ನರಿತ ನಿರ್ಮಾಣ

ಇಂಗ್ಲೆಂಡಿನ ಎರೆವಾಶ್ ಕಣಿವೆಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ, 1877ರಲ್ಲಿ ಪೂರ್ಣಗೊಂಡ ಬೆನ್ನರ್ಲಿ ರೈಲ್ವೆ ಸೇತುವೆಯು, ನಿರ್ಮಾಣಕಲೆಯ ಹಿರಿಮೆಯು ನೆಲದ ಗುಣವನ್ನು ಅರಿಯುವುದರಲ್ಲಿದೆ ಎಂಬುದನ್ನು ತೋರಿಸುತ್ತದೆ. ಕಲ್ಲಿದ್ದಲ ಗಣಿಗಳಿಂದಾಗಿ ಆ ನೆಲ ಕುಸಿಯುವ ಸಂಭವವಿದ್ದುದರಿಂದ, ಭಾರವಾದ ಇಟ್ಟಿಗೆಯ ಕಮಾನುಗಳನ್ನು ಬಿಟ್ಟು, ಮೆದುಕಬ್ಬಿಣದ, ಅಂದರೆ ಇಂಗಾಲದ ಅಂಶ ತೀರ ಕಡಿಮೆಯಿದ್ದು ಬಡಿದು ರೂಪಿಸಬಹುದಾದ ಕಬ್ಬಿಣದ ಪಟ್ಟಿಗಳನ್ನು ಜಾಲರಿಯಂತೆ ಹೆಣೆದ ಹಗುರ ತೊಲೆಗಳನ್ನು ಕಬ್ಬಿಣದ ಕಂಬಗಳ ಮೇಲೆ ಕೂರಿಸಲಾಯಿತು. 1968ರಲ್ಲಿ ರೈಲು ಸಂಚಾರ ನಿಂತ ಮೇಲೆ ಕೆಡವುವ ಮಾತು ಬಂದರೂ, ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ ಈ ಸೇತುವೆಯು ಸ್ಥಳೀಯರ ದೀರ್ಘ ಪರಿಶ್ರಮದ ಫಲವಾಗಿ 2022ರಲ್ಲಿ ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ತೆರೆದುಕೊಂಡಿತು. ಮೂಲ ಉಪಯೋಗ ಮುಗಿದ ಮಾತ್ರಕ್ಕೆ ಕಟ್ಟಡದ ಮೌಲ್ಯ ಮುಗಿಯುವುದಿಲ್ಲ. ಪೂರ್ವಿಕರ ಕೌಶಲವನ್ನು ಇಂದಿನ ಜನಜೀವನದ ಬಳಕೆಗೆ ತರುವುದೇ ಪರಂಪರೆಗೆ ಸಲ್ಲಬೇಕಾದ ನಿಜವಾದ ಗೌರವ.