ತಟ್ಟೆಯ ಮುಂದಿನ ಹೆದರಿಕೆ

(ಸ್ವಸಹಾಯ ಸಂಘಗಳ ಆರೋಗ್ಯ ತರಬೇತಿಯಲ್ಲಿ ಮಾಡಿದ ಭಾಷಣದ ಸಾರಾಂಶ)



ನಮ್ಮ ಕಡೆ ಒಬ್ಬರನ್ನೊಬ್ಬರು ಕಂಡರೆ ಮೊದಲು ಕೇಳೋದು "ಊಟ ಆಯ್ತೇನವ್ವಾ?" ಅಂತ. ಈ ಪ್ರಶ್ನೆಗೆ ಉತ್ತರ ಹೇಳಲು ಅಂಜುವವರು ನಮ್ಮ ನಡುವೆಯೇ ಇದ್ದಾರೆ. ಉಂಡರೆ ಹೊಟ್ಟೆ ಹಿಂಡುತ್ತದೆ, ಸಂಡಾಸಿಗೆ ಓಡಬೇಕು, ಕೆಲವು ಸಲ ರಕ್ತವೂ ಬೀಳುತ್ತದೆ. ಹಾಗಾಗಿ ಉಣ್ಣದೆಯೇ "ಆಯ್ತು" ಅಂದುಬಿಡುತ್ತಾರೆ. ಅಂಥವರ ಬಗ್ಗೆ, ಮೊಬೈಲ್ ಮೂಲಕ ಅವರಿಗೆ ಸಿಗಬೇಕಾದ ಆಹಾರ ಶಿಕ್ಷಣದ ಬಗ್ಗೆ ಇವತ್ತು ಮಾತಾಡೋಣ.

ಇದು ಕರುಳಿನ ದೀರ್ಘಕಾಲದ ಉರಿಯೂತ. ಡಾಕ್ಟರು ಇದನ್ನು ಐಬಿಡಿ ಅನ್ನುತ್ತಾರೆ. ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದೊಡ್ಡ ಕರುಳಿನ ಒಳಪದರ ಹುಣ್ಣಾಗುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಇದು ಅಂಟುರೋಗವಲ್ಲ, ಮಾಟ-ಮಂತ್ರವೂ ಅಲ್ಲ. ಪರದೇಶದವರಿಗೆ ಮಾತ್ರ ಬರುತ್ತದೆ ಅನ್ನುವುದೂ ಸುಳ್ಳು. 2003ರಲ್ಲಿ ಪ್ರಕಟವಾದ ಪಂಜಾಬಿನ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 44 ಜನರಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಮಲದಲ್ಲಿ ರಕ್ತ ಕಂಡರೆ "ಮೂಲವ್ಯಾಧಿ ಇರಬೇಕು" ಅಂತ ಸುಮ್ಮನಾಗಬಾರದು. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಕಾಯಿಲೆಯ ಲಕ್ಷಣಗಳು ಒಂದೇ ತರಹ ಇರುವುದರಿಂದ ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ಔಷಧಿಯಿಂದ ಹೊಟ್ಟೆನೋವು ಕಡಿಮೆಯಾದರೂ ಊಟದ ಹೆದರಿಕೆ ಉಳಿದುಬಿಡುತ್ತದೆ. ಗಣಿ ಕೆಲಸದವರು ಪಾಳಿ ಮುಗಿಯುವವರೆಗೆ ಏನೂ ತಿನ್ನುವುದಿಲ್ಲ. ಭತ್ತ ನಾಟಿಗೆ ಹೋಗುವ ಹೆಣ್ಣುಮಕ್ಕಳು ಗದ್ದೆಯಲ್ಲಿ ಸಂಡಾಸಿಲ್ಲ ಅಂತ ಬುತ್ತಿ ಬಿಚ್ಚುವುದಿಲ್ಲ. ಹಂಪಿಯಲ್ಲಿ ಪ್ರವಾಸಿಗರ ಹಿಂದೆ ದಿನವಿಡೀ ತಿರುಗುವವರ ಪಾಡೂ ಅದೇ. ಮದುವೆ, ಜಾತ್ರೆ ಅಂದರೆ ನೆಪ ಹೇಳಿ ಮನೆಯಲ್ಲೇ ಉಳಿಯುತ್ತಾರೆ. ಈ ಸಂಕಟವನ್ನು ಅಳೆಯಲು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 29 ಪ್ರಶ್ನೆಗಳ ಪಟ್ಟಿ ತಯಾರಿಸಿ 2016ರಲ್ಲಿ ಪ್ರಕಟಿಸಿದರು. ಆಹಾರದಿಂದ ರೋಗಿಯ ಬದುಕು ಹೇಗಾಗಿದೆ ಎಂಬುದೇ ಅದರ ವಿಷಯ. ನಮ್ಮ ಮನೆಗಳಲ್ಲಿ ಈ ಮಾತು ಯಾರೂ ಕೇಳುವುದಿಲ್ಲ. "ಗುಳಿಗೆ ನುಂಗಿದೆಯಾ?" ಅಂತ ಕೇಳಿ ಸುಮ್ಮನಾಗುತ್ತೇವೆ.

ಆಗ ರೋಗಿ ಮೊಬೈಲ್ ಹಿಡಿಯುತ್ತಾರೆ. ಒಂದು ವಿಡಿಯೋ ಹಾಲು ಬಿಡು ಅನ್ನುತ್ತದೆ, ಇನ್ನೊಂದು ಗೋಧಿ ಬಿಡು, ಮತ್ತೊಂದು ಬೇಳೆ ಬಿಡು. ಎಲ್ಲಾ ಬಿಟ್ಟು ಕೊನೆಗೆ ಗಂಜಿ ಒಂದೇ ಉಳಿಯುತ್ತದೆ. ತೂಕ ಇಳಿಯುತ್ತದೆ, ಮೊದಲೇ ಕಡಿಮೆಯಿದ್ದ ರಕ್ತ ಇನ್ನೂ ಕಡಿಮೆಯಾಗುತ್ತದೆ. "ಈ ಪುಡಿ ತಗೊಳ್ಳಿ, ಇಂಗ್ಲಿಷ್ ಔಷಧಿ ನಿಲ್ಲಿಸಿ" ಅನ್ನುವವರು ಎಲ್ಲರಿಗಿಂತ ಅಪಾಯಕಾರಿ. ಸ್ಟೀರಾಯ್ಡ್ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ತೊಂದರೆಯಾಗಬಹುದು. ಆದ್ದರಿಂದ ಯಾವ ವಿಡಿಯೋ ನೋಡಿದರೂ ಮೂರು ಪ್ರಶ್ನೆ ಕೇಳಿ. ಹೇಳುವವರು ಡಾಕ್ಟರೋ, ಓದಿದ ಆಹಾರ ತಜ್ಞರೋ? ಏನಾದರೂ ಮಾರುತ್ತಿದ್ದಾರಾ? ಔಷಧಿ ಬಿಡಿ ಅನ್ನುತ್ತಿದ್ದಾರಾ?

ಸರಿಯಾದ ಪಾಠ ಏನು ಹೇಳಬೇಕು? ಮೊದಲನೆಯದು, ಈ ಕಾಯಿಲೆಯನ್ನು ಪೂರಾ ವಾಸಿ ಮಾಡುವ ಒಂದೇ ಪಥ್ಯ ಅಂತ ಇಲ್ಲ. ಎರಡನೆಯದು, ಕಾಯಿಲೆ ಕೆರಳಿದಾಗಿನ ಊಟ ಬೇರೆ, ತಣ್ಣಗಿದ್ದಾಗಿನ ಊಟ ಬೇರೆ. ಕೆರಳಿದಾಗ ಮೆತ್ತನ್ನ, ಚೆನ್ನಾಗಿ ಬೆಂದ ಬೇಳೆ, ಸಿಪ್ಪೆ ತೆಗೆದು ಬೇಯಿಸಿದ ತರಕಾರಿ, ಬಾಳೆಹಣ್ಣು ಹಲವರಿಗೆ ಹಿಡಿಸುತ್ತವೆ. ಹಾಲು ಆಗದವರಿಗೂ ಮೊಸರು ಆಗಬಹುದು. ತಣ್ಣಗಾದ ಮೇಲೆ ಹೆಚ್ಚಿನವರು ಮನೆಯವರ ಅಡುಗೆಯನ್ನೇ ಸ್ವಲ್ಪ ಸ್ವಲ್ಪವಾಗಿ ಶುರು ಮಾಡಬಹುದು. ಆದರೆ ಕರುಳು ಕಿರಿದಾಗಿದೆ ಅಂತ ಡಾಕ್ಟರು ಹೇಳಿದ್ದರೆ ಹಸಿ ತರಕಾರಿ, ಶೇಂಗಾ, ಮೆಕ್ಕೆಜೋಳ, ಸೀಬೆ ಬೀಜದಂಥವು ಬೇಡ. ಜೋಳದ ರೊಟ್ಟಿಯನ್ನೂ ಕೇಳಿಯೇ ತಿನ್ನಬೇಕು. ಮೂರನೆಯದು ಪ್ರೋಟೀನ್. ಕಾಯಿಲೆ ಕೆರಳಿದಾಗ ತೂಕದ ಕೆಜಿಗೆ 1.2ರಿಂದ 1.5 ಗ್ರಾಂ ಬೇಕು, ಅಂದರೆ 50 ಕೆಜಿ ಇರುವವರಿಗೆ ದಿನಕ್ಕೆ 60ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಮಾತ್ರ ಇರುತ್ತದೆ. ಬರೀ ಗಂಜಿಯಿಂದ ಇದು ತುಂಬುವುದಿಲ್ಲ ಅಂತ ನಿಮಗೇ ತಿಳಿಯುತ್ತದೆ.

ಪಾಠ ಹೇಗಿರಬೇಕು ಅನ್ನುವುದೂ ಮುಖ್ಯ. ಹತ್ತು ನಿಮಿಷ ಮೀರಬಾರದು, ನಮ್ಮ ಕನ್ನಡದಲ್ಲಿರಬೇಕು, ವಾರಕ್ಕೆ ಒಂದೇ ವಿಷಯ ಇರಬೇಕು. ಓದು ಬಾರದವರಿಗೆ ಕೇಳುವ ಹಾಗಿರಬೇಕು. ಎಷ್ಟೋ ಮನೆಗಳಲ್ಲಿ ಫೋನ್ ಮಗನ ಕೈಯಲ್ಲಿ, ಕಾಯಿಲೆ ತಾಯಿಯ ಹೊಟ್ಟೆಯಲ್ಲಿ, ಅಡುಗೆ ಸೊಸೆಯ ಕೈಯಲ್ಲಿ. ಮೂವರೂ ಕೂತು ನೋಡಿದರೆ ಮಾತ್ರ ಪಾಠ ತಟ್ಟೆಗೆ ಬರುತ್ತದೆ. ನೋಡಿದ ಮೇಲೆ "ನಿನಗೆ ಯಾವುದು ಆಗುತ್ತದೆ, ಯಾವುದಕ್ಕೆ ಹೆದರಿಕೆ?" ಅಂತ ಅವರನ್ನೇ ಕೇಳಿ. ತಿಂದದ್ದನ್ನೂ ಆದ ತೊಂದರೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಆಗ ಯಾವುದನ್ನು ನಿಜವಾಗಿ ಬಿಡಬೇಕು, ಯಾವುದನ್ನು ಸುಮ್ಮನೆ ಬಿಟ್ಟಿದ್ದೇವೆ ಅಂತ ಗೊತ್ತಾಗುತ್ತದೆ.

ಸರ್ಕಾರದ ಇ-ಸಂಜೀವಿನಿ ಸೇವೆ 2019ರಲ್ಲಿ ಶುರುವಾಯಿತು; 2020ರಿಂದ ಮನೆಯಿಂದಲೇ ಡಾಕ್ಟರ ಜೊತೆ ಉಚಿತವಾಗಿ ಮಾತಾಡಬಹುದು. ಉಣ್ಣುವ ಭಯದಿಂದ ಮನಸ್ಸು ಕುಗ್ಗಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಆದರೆ ರಕ್ತ ಜಾಸ್ತಿ ಹೋಗುತ್ತಿದ್ದರೆ, ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ, ಜ್ವರದ ಜೊತೆ ವಿಪರೀತ ನೋವಿದ್ದರೆ ಮೊಬೈಲ್ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸಹೋದರಿಯರೇ, ಮುಂದಿನ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯಕ್ಕೆ ಕೊಡಿ. ನಿಮ್ಮ ಓಣಿಯಲ್ಲಿ ತಿಂಗಳುಗಟ್ಟಲೆ ಭೇದಿಯಿಂದ ಸೊರಗುತ್ತಿರುವವರು ಇದ್ದರೆ ಮೊದಲು ಡಾಕ್ಟರ ಹತ್ತಿರ ಕರೆದೊಯ್ಯಿರಿ. ಅವರ ಕಾಯಿಲೆಯ ಸುದ್ದಿ ಓಣಿಗೆಲ್ಲಾ ಹೇಳಬೇಡಿ. ಮನೆಯಲ್ಲಿ ಕಾರ್ಯಕ್ರಮವಿದ್ದಾಗ ಅವರಿಗೆ ಸಂಡಾಸು ಎಲ್ಲಿದೆ ಅಂತ ಮೊದಲೇ ಸೂಕ್ಷ್ಮವಾಗಿ ತಿಳಿಸಿ, ಖಾರ ಹಾಕದ ಒಂದು ಪಾತ್ರೆ ಬೇರೆ ಇಡಿ. ಇಷ್ಟು ಮಾಡಿದರೂ ಅವರು ಪಂಕ್ತಿಯಲ್ಲಿ ನಮ್ಮ ಪಕ್ಕ ಬಂದು ಕೂರಲು ಧೈರ್ಯ ಬರುತ್ತದೆ.